ಹಲಗೆಯಾಚೆಯ ಅಣ್ಣ

ಕೋಟಣ್ಣ ಜಂಬದ ಮನುಷ್ಯನೇನಲ್ಲ. ಆದರೆ ಯಾರಾದರೂ ತನ್ನ ಅಭಿಪ್ರಾಯ ಕೇಳಿಬಿಟ್ಟರೆ ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಹಾಗೆ ಕೇಳುವವರು ಹೆಚ್ಚು ಜನ ಇಲ್ಲದ್ದರಿಂದ ಇಷ್ಟು ದಿನ ಯಾರಿಗೂ ತೊಂದರೆಯಾಗಿರಲಿಲ್ಲ.

ಆ ಸಂಜೆ ಮಾರುಕಟ್ಟೆಯ ಹಿಂದಿನ ಹಳೆಯ ಬಾರಿನಲ್ಲಿ, ಗಲ್ಲಾದ ಮೇಲೆ ಕೂತಿದ್ದ ಯಜಮಾನರ ಮಗಳು ಚಿಲ್ಲರೆ ಕೊಡುತ್ತಾ, "ಅಂಕಲ್, ಬಾರನ್ನೆಲ್ಲ ಹೊಸದು ಮಾಡೋಣ ಅಂತಿದೀವಿ. ನೀವೇನಂತೀರ?" ಎಂದು ಕೇಳಿದಳು. ಅವನ ಹಿಂದೆ ನಿಂತವರನ್ನೂ ಅವಳು ಹಾಗೆಯೇ ಕೇಳಿದಳು. ಅವರಲ್ಲೊಬ್ಬ ಬರೀ ದಾರಿ ಕೇಳಲು ಒಳಗೆ ಬಂದವನು. ಆದರೆ ಅಷ್ಟು ಹೊತ್ತಿಗೆ ಕೋಟಣ್ಣ ಬೀದಿಗೆ ಇಳಿದಾಗಿತ್ತು.

ಕ್ಷೌರದಂಗಡಿ ತಲುಪುವ ಹೊತ್ತಿಗೆ ಆ ಪ್ರಶ್ನೆ, "ನನ್ನ ಸಲಹೆ ಕೇಳಿದರು" ಎಂದಾಯಿತು. ಕ್ಷೌರಿಕ ಕತ್ತರಿ ನಿಲ್ಲಿಸಿ, "ಹೌದಾ!" ಎಂದದ್ದರಿಂದ ಅದಕ್ಕೆ ಇನ್ನಷ್ಟು ಮೈ ಬಂತು. ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಅದು, "ನನ್ನನ್ನ ಕೇಳದೆ ಅಲ್ಲಿ ಒಂದು ಮೊಳೆ ಹೊಡೆಯಲ್ಲವಂತೆ ಕಣೇ" ಎಂಬಲ್ಲಿಗೆ ಮುಟ್ಟಿತ್ತು.

ಹೆಂಡತಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ನಮ್ಮನೆ ಕಿಟಕಿ ಚಿಲಕ ಬಿದ್ದು ಎಷ್ಟು ಕಾಲ ಆಯ್ತು? ಅದಕ್ಕೊಂದು ಮೊಳೆ ಹೊಡೀರಿ ಮೊದಲು" ಎಂದಳು. ಹಾಗೆ ಹೇಳಿದರೂ, ಆಮೇಲೆ ತನ್ನ ತಮ್ಮನಿಗೆ ಫೋನ್ ಮಾಡಿ, "ನಿನ್ ಭಾವನ್ನ ಕೇಳಿಯೇ ಎಲ್ಲಾ ಮಾಡ್ತಾರಂತೆ ಕಣೋ" ಎಂದು ಅರ್ಧ ಗಂಟೆ ಮಾತಾಡಿದಳು. ಆ ತಮ್ಮನಿಗೆ ಪ್ಲೈವುಡ್ ವ್ಯಾಪಾರ. ಕೋಟಣ್ಣನ ಕಷ್ಟ ಶುರುವಾದದ್ದು ಅಲ್ಲಿಂದ.

ಕೋಟಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಅಪ್ಪ ಬಿಟ್ಟುಹೋದ ಕೊಡೆ ಅಂಗಡಿಯನ್ನು ಅಣ್ಣ ತಮ್ಮ ಇಬ್ಬರೂ ಸೇರಿ ನಡೆಸುತ್ತಿದ್ದರು. ಒಂದು ಮಳೆಗಾಲದಲ್ಲಿ ತಮ್ಮ ಹೇಳದೆ ಕೇಳದೆ ಒಂದು ಮೂಟೆ ರೇನ್‌ಕೋಟು ತಂದು, ಅಪ್ಪನ ಪಟದ ಕೆಳಗೇ ತೂಗುಹಾಕಿದ. ಅಣ್ಣ ಅದನ್ನು ನೋಡಿ ಕೆಂಡವಾದ. "ಕೊಡೆ ಹಿಡಿದೋನು ಪಕ್ಕದೋನನ್ನೂ ಬಾ ಅಂತ ಕರೀತಾನೆ. ರೇನ್‌ಕೋಟು ಹಾಕ್ಕೊಂಡೋನು ತಾನೊಬ್ಬನೇ ಒಣಗಿರ್ತಾನೆ. ನೀನೂ ಅದೇ ಜಾತಿಯೋನು" ಎಂದ. ತಮ್ಮ ಬಿಡಲಿಲ್ಲ. "ನಿನ್ನ ಕೊಡೆ ಒಂದು ಗಾಳಿಗೆ ಉಲ್ಟಾ ಆಗುತ್ತೆ, ನಿನ್ನ ತಲೆ ಥರ" ಎಂದ. ನೆಂಟರಿಷ್ಟರು ಬಂದು ಸುತ್ತ ನಿಂತರು. ಅವರು ಬಾರದಿದ್ದರೆ ಜಗಳ ಊಟದ ಹೊತ್ತಿಗೆ ಮುಗಿಯುತ್ತಿತ್ತೇನೋ. ಅಷ್ಟು ಜನ ನೋಡುತ್ತಿರುವಾಗ ಸಣ್ಣ ಮಾತಿನಲ್ಲಿ ಮುಗಿಸುವುದು ಇಬ್ಬರಿಗೂ ಚೆನ್ನಾಗಿ ಕಾಣಲಿಲ್ಲ. "ಇನ್ನು ನಿನ್ನ ಮುಖ ನೋಡಿ ಮಾತಾಡಿದ್ರೆ ನಾನು ಅಪ್ಪನ ಮಗನೇ ಅಲ್ಲ" ಎಂದು ಅಣ್ಣ ಆಣೆ ಮಾಡಿದ. "ನಾನೂ ಅಲ್ಲ" ಎಂದು ತಮ್ಮನೂ ಮಾಡಿದ. ಅಂಗಡಿ ಎರಡಾಯಿತು. ರೇನ್‌ಕೋಟು ಮಾರುವ ತಮ್ಮನಿಗೆ ಊರಿನವರು ಕೋಟಣ್ಣ ಎಂದೇ ಹೆಸರಿಟ್ಟರು. ಎರಡು ಮನೆಯ ಹೆಂಗಸರು ಆ ಜಗಳವನ್ನು ತಮ್ಮ ತಮ್ಮ ಮನೆಯಲ್ಲಿ ಆಸ್ತಿಯ ಹಾಗೆ ಜೋಪಾನ ಮಾಡಿಕೊಂಡು ಬಂದರು.

ಜಗತ್ತಿಗೆ ಗೊತ್ತಿದ್ದದ್ದು ಇಷ್ಟು. ಗೊತ್ತಿಲ್ಲದ್ದು ಬಾರಿನೊಳಗಿತ್ತು.

ಆ ಬಾರಿನ ನಟ್ಟನಡುವೆ ಒಂದು ಹಲಗೆಯ ಗೋಡೆ. ಹಸಿರು ಬಣ್ಣದ್ದು, ಕೂತವರ ತಲೆಗಿಂತ ಒಂದು ಮೊಳ ಎತ್ತರ, ಮೇಲೆ ಮಸುಕು ಗಾಜು. ಅದನ್ನು ಯಾಕೆ ಹಾಕಿದರೆಂದು ಸತ್ತುಹೋದ ಯಜಮಾನರಿಗೂ ಗೊತ್ತಿರಲಿಲ್ಲ. ಈಚೆಯವರು ಮಾರುಕಟ್ಟೆ ಬೀದಿಯ ಬಾಗಿಲಿಂದ ಬರುತ್ತಿದ್ದರು, ಆಚೆಯವರು ಹಿಂದಿನ ಓಣಿಯ ಬಾಗಿಲಿಂದ. ಕೋಟಣ್ಣ ಈಚೆ ಹಲಗೆಗೆ ಬೆನ್ನು ಕೊಟ್ಟು ಕೂರುತ್ತಿದ್ದ. ಅಣ್ಣ ಆಚೆ ಅದೇ ಹಲಗೆಗೆ ಬೆನ್ನು ಕೊಟ್ಟು ಕೂರುತ್ತಿದ್ದ. ಇಬ್ಬರ ನಡುವೆ ಒಂದು ಹೆಬ್ಬೆರಳಿನ ದಪ್ಪದಷ್ಟು ಮರ. ಮಾತು ಸಲೀಸಾಗಿ ಕೇಳುತ್ತಿತ್ತು. ಆದರೆ ಕೇಳಿದ್ದಕ್ಕೆ ನೇರವಾಗಿ ಉತ್ತರ ಕೊಡುವ ಹಾಗಿರಲಿಲ್ಲ. ಅದಕ್ಕೆ ಮಾಮ ಇದ್ದ.

ಮಾಮ ಆ ಬಾರಿನ ಹಳೆಯ ಪರಿಚಾರಕ. ತಟ್ಟೆ ಹಿಡಿದುಕೊಂಡು ಆಚೆಗೂ ಈಚೆಗೂ ಓಡಾಡುವ ಏಕೈಕ ಪ್ರಾಣಿ.

"ಮಾಮ, ಆಚೆಯವರನ್ನ ಕೇಳು, ಮೊಣಕಾಲು ಹೇಗಿದೆ ಅಂತ" ಎನ್ನುತ್ತಿದ್ದ ಕೋಟಣ್ಣ.

ಅಣ್ಣನಿಗೆ ಅದು ಕೇಳಿಸುತ್ತಿತ್ತು. ಆದರೂ ಮಾಮ ತಟ್ಟೆ ಎತ್ತಿಕೊಂಡು, ಹಲಗೆಯ ತುದಿ ಸುತ್ತಿ ಬಂದು, "ಮೊಣಕಾಲು ಹೇಗಿದೆಯಂತೆ?" ಎಂದು ಕೇಳುವವರೆಗೆ ಕಡಲೆಬೀಜ ಜಗಿಯುತ್ತಾ ಕಾಯುತ್ತಿದ್ದ. ತಲುಪಿಸುವ ತನಕ ಕೇಳಿಸಿಲ್ಲವೆಂದೇ ಲೆಕ್ಕ.

"ಇನ್ನೂ ಮುರಿದಿಲ್ಲ ಅಂತ ಹೇಳು ಆ ಕತ್ತೆಗೆ" ಎನ್ನುತ್ತಿದ್ದ ಅಣ್ಣ.

ಮಾಮ ಸುತ್ತಿ ಬಂದು, "ಪರವಾಗಿಲ್ಲವಂತೆ" ಎನ್ನುತ್ತಿದ್ದ. ಕತ್ತೆಯನ್ನು ಅವನು ದಾರಿಯಲ್ಲೇ ಬಿಟ್ಟು ಬರುತ್ತಿದ್ದ. ಕೋಟಣ್ಣ ಕತ್ತೆಯನ್ನು ಮೊದಲೇ ಕೇಳಿಸಿಕೊಂಡು ನಕ್ಕಾಗಿರುತ್ತಿತ್ತು. ಗಿರಾಕಿಗಳು ಹೆಚ್ಚಾಗಿ ಮಾಮನಿಗೆ ಪುರುಸೊತ್ತಿಲ್ಲದ ದಿನ, ಪ್ರಶ್ನೆ ಒಂದು ಕಡೆ, ಉತ್ತರ ಇನ್ನೊಂದು ಕಡೆ, ಇಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು ಸುಮ್ಮನೆ ಕೂತಿರುತ್ತಿದ್ದರು. ಅದೂ ಚೆನ್ನಾಗಿಯೇ ಇರುತ್ತಿತ್ತು. ಅಣ್ಣ ಒರಗಿದಾಗ ಹಲಗೆ ಕಿರ್ ಎನ್ನುವುದು ಕೋಟಣ್ಣನ ಬೆನ್ನಿಗೆ ತಿಳಿಯುತ್ತಿತ್ತು.

ಇದನ್ನು ಅವನು ಮನೆಯಲ್ಲಿ ಹೇಳಿರಲಿಲ್ಲ. ಹೇಳಿದ್ದರೆ ಹೆಂಡತಿ, ತಾನು ಇಷ್ಟು ವರ್ಷ ಒಬ್ಬಳೇ ಹೊತ್ತ ದ್ವೇಷಕ್ಕೆ ಲೆಕ್ಕ ಕೇಳುತ್ತಿದ್ದಳು.

ಬಾರು ಹೊಸದಾಗುವ ಸುದ್ದಿ ಹಬ್ಬಿದ ಮೇಲೆ ಕೋಟಣ್ಣನ ರೇನ್‌ಕೋಟಿನ ಅಂಗಡಿಗೆ ಇದ್ದಕ್ಕಿದ್ದಂತೆ ಜನ ಬರತೊಡಗಿದರು. ಯಾರೂ ರೇನ್‌ಕೋಟು ಕೊಳ್ಳಲಿಲ್ಲ. ಕ್ಷೌರಿಕ ತನ್ನ ಅಂಗಡಿಯ ಹಳೆಯ ಕನ್ನಡಿಯನ್ನು ಅಲ್ಲಿಗೆ ಕೊಡಿಸಬೇಕೆಂದ. ಎದುರು ಮನೆಯ ನಿವೃತ್ತ ಪೋಸ್ಟ್‌ಮಾಸ್ತರರು, ಬಾರು ಇರಲೇಬಾರದೆಂದು ಹಿಂದೆ ಅರ್ಜಿ ಬರೆದಿದ್ದವರು, ಈಗ ಪಾಯಿಖಾನೆ ಯಾವ ದಿಕ್ಕಿಗೆ ಇರಬೇಕೆಂದು ಸಲಹೆ ಕೊಟ್ಟರು. ಕೋಟಣ್ಣ ಎಲ್ಲರಿಗೂ, "ನೋಡೋಣ, ಮಾತಾಡ್ತೀನಿ" ಎಂದ. ಮಂತ್ರಿಗಳು ಹೀಗೆ ಹೇಳುವುದನ್ನು ಅವನು ನೋಡಿದ್ದ.

ಭಾವಮೈದುನ ಮಾತ್ರ ಮಾತಿಗೆ ಬಗ್ಗುವವನಲ್ಲ. ಒಂದು ಬೆಳಿಗ್ಗೆ ಪ್ಲೈವುಡ್ಡಿನ ತುಂಡುಗಳ ಚೀಲ ಹೆಗಲಿಗೇರಿಸಿಕೊಂಡು ಬಂದು, "ನಡೀರಿ ಭಾವ, ಡಿಸೈನರ್ ಬಂದಿದಾನಂತೆ. ಪರಿಚಯ ಮಾಡಿಸಿ" ಎಂದು ಎಳೆದುಕೊಂಡೇ ಹೋದ.

ಬಾರಿನಲ್ಲಿ ಡಿಸೈನರ್ ಮಹಾಶಯ ಮೆತ್ತನೆಯ ಬೂಟು ಹಾಕಿಕೊಂಡು, ಕೈಯಲ್ಲಿದ್ದ ಯಂತ್ರದಿಂದ ಗೋಡೆಗೆ ಕೆಂಪು ಚುಕ್ಕೆ ಬಿಡುತ್ತಾ ಅಳತೆ ತೆಗೆಯುತ್ತಿದ್ದ. ಯಜಮಾನರ ಮಗಳು, "ಇವರು ನಮ್ಮ ಹಳೇ ಗಿರಾಕಿ, ಅಪ್ಪನ ಕಾಲದವರು" ಎಂದು ಪರಿಚಯಿಸಿದಳು. ಭಾವಮೈದುನ ಮುಂದೆ ಬಂದು, "ಇವರ ಮಾತು ಅಂದ್ರೆ ಇಲ್ಲಿ ಮುಗೀತು" ಎಂದು ಸೇರಿಸಿದ.

ಡಿಸೈನರ್ ಕಣ್ಣರಳಿಸಿದ. "ಹಾಗಾದ್ರೆ ನೀವೇ ಹೇಳಿ ಸರ್. ಈ ಹಲಗೆ ಗೋಡೆ ನಂಗೆ ತಲೆನೋವಾಗಿದೆ. ತೆಗೀಬೇಕೋ ಬಿಡಬೇಕೋ? ಇದನ್ನ ಯಾರಾದ್ರೂ ಬಳಸ್ತಾರಾ? ಇದರಿಂದ ಯಾರಿಗಾದ್ರೂ ಏನಾದ್ರೂ ಉಪಯೋಗ ಇದೆಯಾ?"

ಕೆಂಪು ಚುಕ್ಕೆ ಬಂದು ಕೋಟಣ್ಣ ದಿನಾ ಬೆನ್ನು ಕೊಡುವ ಜಾಗದ ಮೇಲೆ ನಿಂತಿತು. ಅಲ್ಲಿ ಹಸಿರು ಬಣ್ಣ ಸವೆದು, ಬೆನ್ನಿನ ಆಕಾರದಲ್ಲೇ ಮರ ಹೊಳೆಯುತ್ತಿತ್ತು. ಅವನು ಬಾಯಿ ತೆರೆದ. ಭಾವಮೈದುನ ಅವನ ಬಾಯಿಯನ್ನೇ ನೋಡುತ್ತಿದ್ದ. ಆ ಬಾಯಿಂದ ಬಿದ್ದದ್ದು ಮಧ್ಯಾಹ್ನದೊಳಗೆ ಅಕ್ಕನ ಕಿವಿಗೆ ಹೋಗುವುದು ಖಂಡಿತವಿತ್ತು. ಮೂಲೆಯಲ್ಲಿ ಲೋಟ ಒರೆಸುತ್ತಿದ್ದ ಮಾಮನ ಕೈಯೂ ನಿಂತಿತ್ತು.

"ಉಪಯೋಗಾನಾ?" ಎಂದು ಕೋಟಣ್ಣ ಜೋರಾಗಿ ನಕ್ಕ. "ಇದು ಯಾರಿಗೆ ಬೇಕು? ಕಿತ್ತುಹಾಕಿ. ಗಾಳಿ ಬೆಳಕು ಬರಲಿ!"

"ವಾಹ್!" ಎಂದ ಡಿಸೈನರ್. "ಹಳಬರು ಹೀಗೆ ಮಾತಾಡೋದನ್ನ ನಾನು ಎಲ್ಲೂ ಕೇಳಿಲ್ಲ." ಭಾವಮೈದುನ ಹೆಮ್ಮೆಯಿಂದ ಚೀಲ ಬಿಚ್ಚಿದ. ಮಾಮ ಒರೆಸಿದ ಲೋಟವನ್ನೇ ಮತ್ತೆ ಒರೆಸಿದ.

ಆ ಸಂಜೆ ಕೋಟಣ್ಣ ಎಂದಿಗಿಂತ ಬೇಗ ಬಂದು ಕೂತ. ಅಣ್ಣನಿಗೆ ಹೇಗಾದರೂ ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ. ಹಲಗೆ ಕಿರ್ ಎಂದಿತು. ಅಣ್ಣ ಬಂದ.

"ಮಾಮ" ಎಂದ ಅಣ್ಣ ಆಚೆಯಿಂದ, "ಏನೇನೋ ಬದಲಾಯಿಸ್ತಾರಂತಲ್ಲ. ಅವನನ್ನ ಕೇಳಿಯೇ ಮಾಡ್ತಿದಾರೆ ಅಂತ ಊರೆಲ್ಲಾ ಸುದ್ದಿ. ಈ ಹಲಗೆ ತಂಟೆಗೆ ಬರಲ್ಲ ತಾನೇ, ಕೇಳು."

ಮಾಮ ಸುತ್ತಿ ಬಂದ. ಈ ಸಲ ಬಹಳ ನಿಧಾನವಾಗಿ ಬಂದ. ಪ್ರಶ್ನೆಯನ್ನು ಒಂದಕ್ಷರ ಬಿಡದೆ ಒಪ್ಪಿಸಿ, ತಟ್ಟೆಯನ್ನು ಎದೆಗೆ ಒತ್ತಿಕೊಂಡು ನಿಂತ.

ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಚೆಲ್ಲಾಪಿಲ್ಲಿಯಾಯಿತು. ಊರೆಲ್ಲಾ ಸುದ್ದಿ ಎಂದ ಅಣ್ಣನ ದನಿಯಲ್ಲಿ ಒಂದಿಷ್ಟು ಹೆಮ್ಮೆ ಇತ್ತು. ಅದನ್ನು ಕೇಳಿ ಎಷ್ಟೋ ಕಾಲವಾಗಿತ್ತು. "ಹಲಗೆ ಮುಟ್ಟಲ್ಲ ಅಂತ ಹೇಳು" ಎಂದ ಕೋಟಣ್ಣ. "ನಾನಿದೀನಿ ಅಂತ ಹೇಳು."

ಮಾಮ ಅವನನ್ನೊಮ್ಮೆ ನೋಡಿದ. ಆಮೇಲೆ ಸುತ್ತಿ ಹೋಗಿ, "ಅವರಿದಾರಂತೆ" ಎಂದಷ್ಟೇ ಹೇಳಿದ.

ಕೊಟ್ಟ ಮಾತು ಉಳಿಸಿಕೊಳ್ಳಲು ಕೋಟಣ್ಣ ಮಾಡಿದ ಸಾಹಸವನ್ನು ಇಲ್ಲಿ ಹೇಳಲೇಬೇಕು. ಮಾರನೆಯ ದಿನವೇ ಅವನು ಅಂಗಡಿ ಮುಚ್ಚಿ, ಹಳೆಯ ಕಟ್ಟಡಗಳನ್ನು ಕಾಪಾಡುವ ಸರ್ಕಾರಿ ಕಚೇರಿಗೆ ಹೋದ. ಆ ಕಚೇರಿಯ ಮಾಡೇ ಸೋರುತ್ತಿತ್ತು. ಮೇಜಿನ ಮೇಲಿನ ಬಕೆಟ್ಟಿಗೆ ನೀರು ತೊಟ್ಟಿಕ್ಕುತ್ತಿದ್ದರೂ ಅಧಿಕಾರಿ ಅದರ ಪಕ್ಕದಲ್ಲೇ ಸಹಿ ಹಾಕುತ್ತಾ ಕೂತಿದ್ದರು.

"ಏನ್ರೀ ವಿಶೇಷ ಆ ಹಲಗೇದು?" ಎಂದು ಕೇಳಿದರು.

ನಿಜ ಹೇಳುವ ಹಾಗಿಲ್ಲ. "ರಾಜರ ಕಾಲದ್ದು ಸ್ವಾಮಿ."

"ಯಾವ ರಾಜ?"

"ಹಳೇ ರಾಜ."

"ಹೊಸ ರಾಜರು ಯಾರೂ ಇಲ್ಲ ಬಿಡಿ. ಸಾಕ್ಷಿ ಏನಿದೆ?"

"ನೀವೇ ಬಂದು ನೋಡಿ. ನೋಡಿದ್ರೆ ಕೈ ಮುಗೀತೀರ."

ಅಧಿಕಾರಿ ಬರಲಿಕ್ಕಿಲ್ಲ ಎಂದೇ ಕೋಟಣ್ಣ ಎಣಿಸಿದ್ದ. ಅವರು ಬರುವುದರೊಳಗೆ ಎಲ್ಲರೂ ಮರೆತುಬಿಡುತ್ತಾರೆ ಎಂಬುದು ಅವನ ಉಪಾಯ. ಆದರೆ ಸೋರುವ ಕಚೇರಿಯಿಂದ ಹೊರಗೆ ಬರಲು ಅವರಿಗೂ ಒಂದು ನೆಪ ಬೇಕಿತ್ತು. ಮೂರನೆಯ ದಿನವೇ ಬಂದುಬಿಟ್ಟರು. ಕ್ಷೌರಿಕ, ಪೋಸ್ಟ್‌ಮಾಸ್ತರರು, ಭಾವಮೈದುನ, ಡಿಸೈನರ್, ಯಜಮಾನರ ಮಗಳು, ಎಲ್ಲರೂ ಹಲಗೆಯ ಮುಂದೆ ನೆರೆದರು. ಅಧಿಕಾರಿ ಚಾಕು ತೆಗೆದು ಕೆರೆದರು. ಹಸಿರಿನ ಕೆಳಗೆ ನೀಲಿ ಬಂತು. ನೀಲಿಯ ಕೆಳಗೆ ಕಪ್ಪು ಅಕ್ಷರ ಕಂಡಿತು. ಎಲ್ಲರೂ ಉಸಿರು ಬಿಗಿಹಿಡಿದರು. ಅಕ್ಷರ ತಲೆಕೆಳಗಾಗಿದ್ದರಿಂದ ಪೋಸ್ಟ್‌ಮಾಸ್ತರರು ಬಗ್ಗಿ, ಕತ್ತು ತಿರುಗಿಸಿ, ವಿಳಾಸ ಓದಿ ಪಳಗಿದ ಕಣ್ಣಿನಿಂದ ಓದಿದರು: "ಬಟ್ಟೆ ಸೋಪು. ಈ ಭಾಗ ಮೇಲೆ ಬರಲಿ."

ಅಧಿಕಾರಿ ಚಾಕು ಮಡಚಿದರು. "ಏನ್ರೀ, ನಿಮ್ಮ ರಾಜರು ಬಟ್ಟೆ ಒಗೀತಿದ್ರಾ?"

ನಗು ನಿಂತ ಮೇಲೆ ಡಿಸೈನರ್ ಹುಬ್ಬು ಗಂಟಿಕ್ಕಿ ಕೇಳಿದ: "ಸರ್, ಕಿತ್ತುಹಾಕಿ ಅಂದೋರೂ ನೀವೇ. ದೂರು ಕೊಟ್ಟೋರೂ ನೀವೇನಾ?"

ಭಾವಮೈದುನ ತಿರುಗಿ ನೋಡಿದ. ಕೋಟಣ್ಣನಿಗೆ ಮತ್ತೆ ಅದೇ ಕಣ್ಣು, ಅದೇ ಅಕ್ಕ, ಅದೇ ಮಧ್ಯಾಹ್ನ ನೆನಪಾಯಿತು. "ದೂರಲ್ಲ, ಪರೀಕ್ಷೆ" ಎಂದ. "ನಾಳೆ ಇನ್ಯಾರೋ ಬಂದು ಇದು ಹಳೇದು, ಮುಟ್ಟಬೇಡಿ ಅಂದ್ರೆ? ಅದಕ್ಕೇ ನಾನೇ ಮುಂಚೆ ಕರೆಸಿದೆ."

"ಎಂಥಾ ತಲೆ!" ಎಂದ ಕ್ಷೌರಿಕ. ಅಧಿಕಾರಿ ಅಲ್ಲೇ ಕಾಗದ ಬಿಡಿಸಿ, ಹಲಗೆಗೆ ಒತ್ತಿ ಹಿಡಿದು, ಯಾವ ಅಡ್ಡಿಯೂ ಇಲ್ಲವೆಂದು ಬರೆದು ಸಹಿ ಹಾಕಿದರು. ಕೆಲಸ ಅಂದುಕೊಂಡದ್ದಕ್ಕಿಂತ ಬೇಗ ಶುರುವಾಯಿತು.

ಬೀದಿಗೆ ನೀಲಿ ಪ್ಲಾಸ್ಟಿಕ್ ಪರದೆ ಬಿತ್ತು. ಮಾಮನಿಗೆ ಒಂದು ಗೋಡೆ ಗಡಿಯಾರ ಕೊಟ್ಟು, ಬೆನ್ನು ತಟ್ಟಿ, ಮನೆಗೆ ಕಳಿಸಿದರು. ಅವನು ದೂರದ ಊರಿನಲ್ಲಿದ್ದ ಮಗಳ ಮನೆಗೆ ಹೊರಟುಹೋದ. ಹೋಗುವ ಮುಂಚೆ ಕೋಟಣ್ಣನ ಅಂಗಡಿಯ ಮುಂದೆ ನಿಂತು, "ಆಚೆಯವರಿಗೆ ಏನಾದ್ರೂ ಹೇಳಬೇಕಾ?" ಎಂದು ಕೇಳಿದ. ಒಳಗೆ ಹೆಂಡತಿ ಹಳೆಯ ಸರಕು ಮಡಚುತ್ತಿದ್ದಳು. "ಏನಿಲ್ಲ ಮಾಮ. ಬಾಗಿಲು ತೆಗೆದ ಮೇಲೆ ಹೇಳಿದ್ರಾಯ್ತು" ಎಂದ ಕೋಟಣ್ಣ.

ಒಂದು ದಿನ ಪರದೆಯ ಸಂದಿಯಿಂದ ಇಬ್ಬರು ಆಳುಗಳು ಹಸಿರು ಹಲಗೆಗಳನ್ನು ಹೊತ್ತು ಬಂದು ಗಾಡಿಗೆ ಎಸೆದರು. ಕೋಟಣ್ಣ ಬೀದಿಯ ಈಚೆ ನಿಂತು ನೋಡಿದ. ಅಣ್ಣನ ಅಂಗಡಿ ಅಲ್ಲಿಂದ ಕೂಗಳತೆಯ ದೂರ. ಎರಡು ಸಲ ಆ ಓಣಿಯ ಬಾಯಿಯವರೆಗೆ ಹೋದ. ಮೊದಲನೆಯ ಸಲ ಅಲ್ಲಿ ಅತ್ತಿಗೆ ನಿಂತಿದ್ದಳು. ಎರಡನೆಯ ಸಲ ಯಾರೂ ಇರಲಿಲ್ಲ. ಯಾರೂ ಇಲ್ಲದಿದ್ದರೆ ಹೇಳಿ ಕಳಿಸುವುದಾದರೂ ಯಾರ ಕೈಲಿ? ವಾಪಸು ಬಂದ.

ಹೊಸ ಬಾರು ತೆರೆದ ದಿನ ಹಳೆಯ ಗಿರಾಕಿಗಳಿಗೆಲ್ಲ ಆಹ್ವಾನವಿತ್ತು. ಕೋಟಣ್ಣನ ಹೆಂಡತಿ ಒಳ್ಳೆಯ ಸೀರೆ ಉಟ್ಟು ಬಂದಳು. ಮೊಳೆ ಹೊಡೆಸಿದವನ ಹೆಂಡತಿಯಲ್ಲವೇ! ಒಳಗೆ ಕಾಲಿಟ್ಟರೆ ಎಲ್ಲಿ ನೋಡಿದರೂ ಬಯಲು. ನಡುವೆ ಈ ಗೋಡೆಯಿಂದ ಆ ಗೋಡೆಯವರೆಗೆ ಒಂದೇ ಉದ್ದನೆಯ ಮೇಜು. ಕೂತರೆ ಕಾಲು ನೆಲಕ್ಕೆ ತಾಗದಂಥ ಎತ್ತರದ ಸ್ಟೂಲುಗಳು, ಯಾವುದಕ್ಕೂ ಒರಗಲು ಬೆನ್ನಿಲ್ಲ. ಇಟ್ಟಿಗೆ ಗೋಡೆಗೆ ಬಣ್ಣ ಬಳಿದು ಬೇಕೆಂದೇ ಕೆರೆದಿದ್ದರು, ಹಳೆಯದಾಗಿ ಕಾಣಲೆಂದು. "ಇದಕ್ಕೆ ಅಷ್ಟು ಖರ್ಚು ಮಾಡಬೇಕಿತ್ತಾ? ನಮ್ಮನೆ ಗೋಡೆ ತಾನಾಗೇ ಹೀಗಾಗಿದೆ" ಎಂದಳು ಹೆಂಡತಿ. ಭಾವಮೈದುನ ಮೇಜನ್ನು ತಟ್ಟಿ ತಟ್ಟಿ, "ನಮ್ಮದೇ ಮಾಲು" ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಪೋಸ್ಟ್‌ಮಾಸ್ತರರು ಸ್ಟೂಲು ಹತ್ತಿ, ಇಳಿಯುವುದು ಹೇಗೆಂದು ತಿಳಿಯದೆ ಅಲ್ಲೇ ಉಳಿದರು.

ಮೇಜಿನ ಆ ತುದಿಯಲ್ಲಿ ಅಣ್ಣ ಕೂತಿದ್ದ.

ಕೋಟಣ್ಣ ಮೊದಲು ಯಾರೋ ಎಂದುಕೊಂಡ. ಅವನ ಬೆನ್ನ ಹಿಂದೆ ಇಷ್ಟು ವರ್ಷ ಕೂತಿದ್ದ ಅಣ್ಣನಿಗೆ ಜಗಳದ ದಿನದ ಮುಖವಿತ್ತು: ಕಪ್ಪು ಮೀಸೆ, ಕೆಂಡದ ಕಣ್ಣು, ತುಂಬಿದ ಕೆನ್ನೆ. ದನಿ ಬದಲಾಗಿರಲಿಲ್ಲ, ಹಾಗಾಗಿ ಮುಖವೂ ಬದಲಾಗಿಲ್ಲವೆಂದೇ ಅವನು ನಂಬಿದ್ದ. ಇಲ್ಲಿ ಕೂತಿದ್ದವನು ಅಂಗಿಯ ಕೊರಳಪಟ್ಟಿಯೊಳಗೆ ಕತ್ತು ಸಡಿಲವಾದ ಒಬ್ಬ ಮುದುಕ. ಸ್ಟೂಲಿನಿಂದ ಒಂದು ಕಾಲನ್ನು ನೆಟ್ಟಗೆ ಚಾಚಿಕೊಂಡಿದ್ದ. ಮಡಚಲು ಆಗದಿರಬೇಕು. ಪರವಾಗಿಲ್ಲವಂತೆ, ಪರವಾಗಿಲ್ಲವಂತೆ ಎಂದು ಮಾಮ ಇಷ್ಟು ದಿನ ತಂದು ಒಪ್ಪಿಸಿದ್ದು ಈ ಕಾಲಿನ ಸುದ್ದಿ.

ಕಪ್ಪು ಅಂಗಿ ತೊಟ್ಟ ಹುಡುಗಿ ಆರ್ಡರ್ ಕೇಳಲು ಬಂದಳು. ಹೆಂಡತಿ ಅತ್ತ ತಿರುಗಿದ ಸಮಯ ನೋಡಿ ಕೋಟಣ್ಣ ಬಗ್ಗಿ, "ಅಮ್ಮಾ, ಆ ತುದೀಲಿ ಕೂತಿರೋರನ್ನ ಕೇಳ್ತೀಯಾ, ಮೊಣಕಾಲು ಹೇಗಿದೆ ಅಂತ?" ಎಂದ.

ಹುಡುಗಿ ಅತ್ತ ನೋಡಿದಳು, ಇತ್ತ ನೋಡಿದಳು. "ಇಲ್ಲೇ ಇದಾರಲ್ಲ ಸರ್. ನೀವೇ ಕೇಳಬಹುದಲ್ವಾ?" ಎಂದು ನಕ್ಕು ಮುಂದೆ ಹೋದಳು.

ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಅಷ್ಟರಲ್ಲಿ ಸಂಗೀತ ನಿಂತಿತು. ಯಜಮಾನರ ಮಗಳು ಮೈಕು ಹಿಡಿದು ಎಲ್ಲರಿಗೂ ವಂದನೆ ಹೇಳಿ, ಡಿಸೈನರ್ ಮಹಾಶಯನ ಕೈಗೆ ಕೊಟ್ಟಳು. ಅವನು ಒಂದೆರಡು ಮಾತಾಡಿ, ಕೈ ಚಾಚಿ ಕೋಟಣ್ಣನನ್ನು ತೋರಿಸಿದ.

"ಈ ಜಾಗ ಹೀಗೆ ತೆರೆದುಕೊಂಡಿದ್ದಕ್ಕೆ ಕಾರಣ ಇವರು! ಇಲ್ಲಿ ನಡುವೆ ಒಂದು ಹಲಗೆ ಗೋಡೆ ಇತ್ತು, ನಿಮಗೆಲ್ಲ ನೆನಪಿರಬೇಕು. ಅದನ್ನ ಮುಟ್ಟೋಕೆ ನಂಗೇ ಧೈರ್ಯ ಇರಲಿಲ್ಲ. ಇವರನ್ನ ಕೇಳಿದೆ. ಇದು ಯಾರಿಗೆ ಬೇಕು, ಕಿತ್ತುಹಾಕಿ ಅಂದುಬಿಟ್ರು! ಸಾಲದು ಅಂತ ಸರ್ಕಾರದೋರನ್ನೂ ಕರೆಸಿ ಅನುಮತಿ ಕೊಡಿಸಿದ್ರು. ಎದ್ದು ನಿಲ್ಲಿ ಸರ್!"

ಚಪ್ಪಾಳೆ ಬಿತ್ತು. ಹೆಂಡತಿ ಮೊಣಕೈಯಿಂದ ತಿವಿದಳು. ಕೋಟಣ್ಣ ಎದ್ದು ನಿಂತ. ಮೇಜಿನ ಆ ತುದಿಯಲ್ಲಿ ಮುದುಕನ ಕೈ ಕಡಲೆಬೀಜದ ಬಟ್ಟಲಿನ ಮೇಲೆ ಹಾಗೇ ಇತ್ತು. ಅವನು ತಮ್ಮನನ್ನು ನೋಡಿದ. ಕೋಪದಿಂದಲ್ಲ. ಕೋಪವಾಗಿದ್ದರೆ ಕೋಟಣ್ಣನಿಗೆ ಗುರುತು ಸಿಗುತ್ತಿತ್ತು.

ಅಣ್ಣ ಸ್ಟೂಲಿನಿಂದ ಮೆಲ್ಲಗೆ ಇಳಿದ. ಇಳಿದವನು ಅಭ್ಯಾಸದಂತೆ ಹಿಂದಿನ ಓಣಿಯ ಬಾಗಿಲಿನ ಕಡೆಗೆ ಹೊರಟ. ಅಲ್ಲಿ ಬಾಗಿಲಿರಲಿಲ್ಲ. ಅದನ್ನು ಮುಚ್ಚಿ, ಗೋಡೆ ಎಬ್ಬಿಸಿ, ಆಳೆತ್ತರದ ಕನ್ನಡಿ ಹಾಕಿದ್ದರು. ಅಣ್ಣ ಕನ್ನಡಿಯ ಮುಂದೆ ಸ್ವಲ್ಪ ಹೊತ್ತು ನಿಂತ. ಅದರೊಳಗೆ ಅವನಿಗೆ ತಾನೂ ಕಂಡಿರಬೇಕು, ದೂರದಲ್ಲಿ ನಿಂತ ತಮ್ಮನೂ ಕಂಡಿರಬೇಕು. ಆಮೇಲೆ ತಿರುಗಿ, ಈಗ ಉಳಿದಿದ್ದ ಒಂದೇ ಬಾಗಿಲಿನ ಕಡೆಗೆ, ಮೇಜಿನ ಉದ್ದಕ್ಕೂ ಕುಂಟುತ್ತಾ ಬಂದ.

ಅವನು ಕೋಟಣ್ಣನ ಪಕ್ಕದಲ್ಲೇ ಹಾದುಹೋಗಬೇಕಿತ್ತು. ಬೇರೆ ದಾರಿ ಇರಲಿಲ್ಲ. ಕೋಟಣ್ಣನಿಗೆ ಬೇಕಾದಷ್ಟು ಸಮಯವಿತ್ತು. "ಅಣ್ಣಾ" ಎಂಬುದು ಗಂಟಲವರೆಗೆ ಬಂತು. ಹೆಂಡತಿ ನೋಡುತ್ತಿದ್ದಳು. ಭಾವಮೈದುನ ನೋಡುತ್ತಿದ್ದ. ಚಪ್ಪಾಳೆ ಹೊಡೆದ ಕೈಗಳೆಲ್ಲ ಇನ್ನೂ ಮೇಲೇ ಇದ್ದವು. ಜಗಳದ ದಿನ ನಿಂತಿದ್ದಂತೆಯೇ ಇಂದೂ ಎಲ್ಲರೂ ಸುತ್ತ ನಿಂತಿದ್ದರು.

ಅಣ್ಣ ಹತ್ತಿರ ಬಂದಾಗ ಕೋಟಣ್ಣ ಮುಖ ಪಕ್ಕಕ್ಕೆ ತಿರುಗಿಸಿ, ಭಾವಮೈದುನನಿಗೆ ಹೇಳಿದ: "ಅವರಿಗೆ ಹೇಳು. ಹೊರಗಿನ ಮೆಟ್ಟಿಲು ಹೊಸದು, ಎತ್ತರ ಇದೆ. ಗೋಡೆ ಹಿಡ್ಕೊಂಡು ಇಳೀಲಿ ಅಂತ ಹೇಳು."

"ಯಾರಿಗೆ?" ಎಂದ ಭಾವಮೈದುನ, ಬಾಯಲ್ಲಿದ್ದದ್ದನ್ನು ಜಗಿಯುತ್ತಾ.

ಅಣ್ಣ ನಿಂತ. ಒಂದು ತೋಳಿನಷ್ಟು ದೂರ. ಅವನು ಭಾವಮೈದುನನನ್ನು ನೋಡಿದ, ಕಾಯುವವನ ಹಾಗೆ. ಭಾವಮೈದುನ ಕೋಟಣ್ಣನನ್ನು ನೋಡಿದ. ಕಪ್ಪು ಅಂಗಿಯ ಹುಡುಗಿ ತಟ್ಟೆ ಹಿಡಿದು ಹಾದುಹೋದಳು. ಅಣ್ಣ ಅವಳನ್ನೂ ನೋಡಿದ. ಅವಳಿಗೆ ಬೇರೆ ಆರ್ಡರ್ ಇತ್ತು. ಅಣ್ಣನ ತುಟಿ ಒಂದು ಸಲ ಬಿಚ್ಚಿತು. ಆಮೇಲೆ ಅದನ್ನು ಕೊಟ್ಟು ಕಳಿಸಲು ಯಾರೂ ಸಿಗದೆ ಮುಚ್ಚಿಕೊಂಡಿತು.

ಸಂಗೀತ ಮತ್ತೆ ಶುರುವಾಯಿತು. ಅಣ್ಣ ಹೊರಟ. ಬಾಗಿಲಲ್ಲಿ ಒಂದು ಕ್ಷಣ ನಿಂತ. ಕೈ ಚಾಚಿ ಗೋಡೆ ಹಿಡಿದುಕೊಂಡ. ಒಳ್ಳೆಯ ಕಾಲನ್ನು ಮೊದಲು ಇಳಿಸಿ, ನೋವಿನ ಕಾಲನ್ನು ಅದರ ಪಕ್ಕಕ್ಕೆ ತಂದು, ಹೇಳಿಸಿಕೊಂಡವನ ಹಾಗೆಯೇ, ಒಂದೊಂದೇ ಮೆಟ್ಟಿಲು ಇಳಿದು ಹೋದ.